ಚಿಕ್ಕ ದೋಣಿಯೋ, ದೊಡ್ಡ ದೋಣಿಯೋ? ಮಾದಪ್ಪನ ಬೆಟ್ಟದ ಸೀಮೆಯಿಂದ ಬಂದ ಒಂದು ಪ್ರಶ್ನೆ

ಕಳೆದ ತಿಂಗಳು ಹನೂರು ಕಡೆಯ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ. ಮೊದಲನೆಯದು ಹದಿನಾರು ಅಡಿ ಉದ್ದದ ಫೈಬರ್ ದೋಣಿ, ಹಿಂಬದಿಗೆ ನೇತುಹಾಕಿದ ಸಣ್ಣ ಮೋಟರ್, ಆರು ಸೀಟು. ಎರಡನೆಯದು ಮೂವತ್ತಾರು ಅಡಿಯದು. ಮೂವತ್ತು ಸೀಟು, ಮೇಲೊಂದು ಅಂತಸ್ತು, ಬಣ್ಣದ ಲೈಟು, ಸೌಂಡ್ ಸಿಸ್ಟಮ್. ಕೆಳಗೆ ಒಂದೇ ಸಾಲು: "ಮಗಾ, ಚಿಕ್ಕದ್ ತಗಳದಾ, ದೊಡ್ಡದ್ ತಗಳದಾ? ನೀ ಇಂಜಿನಿಯರ್ ಅಲ್ವಾ, ಹೇಳು."

ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದು ಹತ್ತು ವರ್ಷವಾದರೂ ಊರಿನವರು ನನ್ನ ಡಿಗ್ರಿಯನ್ನು ಮರೆತಿಲ್ಲ. ಮೋಟರ್ ಕೆಟ್ಟರೂ ಫೋನು ನನಗೇ, ಮೊಬೈಲ್ ಕೆಟ್ಟರೂ ನನಗೇ. ಇರಲಿ. ಆದರೆ ಈ ಪ್ರಶ್ನೆ ಹಾಗೆ ನಕ್ಕು ಬಿಡುವಂಥದ್ದಾಗಿರಲಿಲ್ಲ. ಗೆಳೆಯನ ಜೊತೆ ಇನ್ನೂ ಐದು ಜನ ಇದ್ದಾರೆ. ಇಬ್ಬರು ತೆಪ್ಪ ಹಾಕುವವರು, ಒಬ್ಬ ಆಟೊ ಓಡಿಸುವವನು, ಉಳಿದವರು ಬೆಂಗಳೂರಲ್ಲಿ ಕೆಲಸ ಬಿಟ್ಟು ವಾಪಸ್ ಬಂದವರು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಅಂದರೆ ಬೆಟ್ಟಕ್ಕೆ ಬರುವ ಜನಕ್ಕೆ ಲೆಕ್ಕವಿಲ್ಲ. ದರ್ಶನ ಮುಗಿಸಿ ತುಂಬಾ ಮಂದಿ ಹೊಗೇನಕಲ್ ಕಡೆ ಇಳಿಯುತ್ತಾರೆ. "ಬಂದೋರು ಅರ್ಧ ದಿನ ನಮ್ ನೀರಿನ ಹತ್ರನೂ ನಿಂತ್ರೆ ನಮ್ಗೂ ಒಂದ್ ಜೀವನ ಆಯ್ತದೆ" ಅನ್ನೋದು ಅವರ ಲೆಕ್ಕ. ಇನ್ನೂ ಅರ್ಜಿ ಹಾಕಿಲ್ಲ, ಸಾಲ ಎತ್ತಿಲ್ಲ. ಅದಕ್ಕೇ ಈಗಲೇ ಕೇಳಿದ್ದು ಒಳ್ಳೆಯದಾಯಿತು.

ನನ್ನ ಬಾಯಿಗೆ ಮೊದಲು ಬಂದ ಉತ್ತರ "ದೊಡ್ಡದು". ಒಂದು ಟ್ರಿಪ್‌ಗೆ ಮೂವತ್ತು ಟಿಕೆಟ್, ನೋಡೋಕೆ ಗಟ್ಟಿ, ಅಲುಗಾಡೋದು ಕಮ್ಮಿ. ಟೈಪ್ ಮಾಡಿ ಕಳಿಸುವ ಮೊದಲು ಅಮ್ಮನ ಜೊತೆ ಹೋಗಿದ್ದ ಒಂದು ಸಂಜೆ ನೆನಪಾಯಿತು.

ಐದಾರು ವರ್ಷದ ಹಿಂದಿನ ಮಾತು. ಒಂದು ಜಲಾಶಯ, ಹೆಸರು ಬೇಡ. ಎರಡು ಅಂತಸ್ತಿನ ದೋಣಿ. ಲೈಫ್ ಜಾಕೆಟ್‌ಗಳನ್ನು ಒಂದು ಮೂಲೆಯಲ್ಲಿ ಹಗ್ಗದಿಂದ ಬಿಗಿದು ಪೇರಿಸಿಟ್ಟಿದ್ದರು. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಪಶ್ಚಿಮದ ಅಂಚಿಗೆ ಎದ್ದು ಹೋದರು, ಫೋಟೊಗೆ. ದೋಣಿ ವಾಲಿತು. ಕೆಳಗೆ ಕೂತಿದ್ದ ಅಮ್ಮನ ಕಾಲ ಬಳಿ ನೀರು ಚಿಮ್ಮಿತು. ಸ್ಥಿರತೆ, ಗುರುತ್ವ ಕೇಂದ್ರ ಎಲ್ಲ ಓದಿ ಪರೀಕ್ಷೆ ಪಾಸಾಗಿದ್ದ ನಾನು ಆಗ ಏನು ಮಾಡುತ್ತಿದ್ದೆ? ನಾನೂ ಅದೇ ಅಂಚಿನಲ್ಲಿ ಫೋನ್ ಹಿಡಿದು ನಿಂತಿದ್ದೆ. ಏನೂ ಆಗಲಿಲ್ಲ. ದೋಣಿ ನಡೆಸುವವನು ಒಂದು ಸಲ ಕೂಗಿದ, ಜನ ನಕ್ಕರು, ಹಾಡು ಮುಂದುವರಿಯಿತು. ಆದರೆ ಅವತ್ತು ಏನೂ ಆಗದೇ ಇದ್ದದ್ದಕ್ಕೆ ಲೆಕ್ಕಾಚಾರ ಕಾರಣವಲ್ಲ, ಅದೃಷ್ಟ ಕಾರಣ.

ಹಾಗಾಗಿ ಗೆಳೆಯನಿಗೆ ಒಂದು ಪದದ ಉತ್ತರ ಕೊಡದೆ, ಕೂತು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಪ್ರವಾಸೋದ್ಯಮದ ಹೆಸರಲ್ಲಿ ಇಂಥ ಪ್ರಶ್ನೆ ಇವತ್ತು ಕೆರೆ, ಡ್ಯಾಮು ಇರುವ ಪ್ರತಿ ತಾಲೂಕಿನ ಮುಂದೆಯೂ ಇದೆ. ಉತ್ತರ ಕೊಡುವವರು ಹೆಚ್ಚಾಗಿ ದೋಣಿ ಮಾರುವವರು, ಇಲ್ಲವೇ ಟೆಂಡರ್ ಹಿಡಿಯುವವರು.

ಮೊದಲು ನೀರು, ಆಮೇಲೆ ದೋಣಿ

ದೋಣಿ ಯಾವುದು ಅಂತ ಕೇಳುವ ಮುಂಚೆ ನೀರು ಯಾವುದು ಅಂತ ಕೇಳಬೇಕು. ಈ ಸೀಮೆಯಲ್ಲಿ ಎರಡು ಥರದ ನೀರಿದೆ.

ಒಂದು, ಒಳನಾಡಿನ ಸಣ್ಣ ಜಲಾಶಯಗಳು. ಕೊಳ್ಳೇಗಾಲದ ಗುಂಡಾಲ್, ಹನೂರಿನ ಉಡುತೊರೆ ಹಳ್ಳ ಇಂಥವು. ಇವು ಮಳೆ ನಂಬಿದ ನೀರು, ಕಟ್ಟಿದ್ದು ಹೊಲಗಳಿಗಾಗಿ. ಒಳ್ಳೆ ಮಳೆಯಾದ ವರ್ಷ ತುಂಬಿ ನಿಲ್ಲುತ್ತವೆ, ಬರ ಬಂದರೆ ಅಂಚಿನಲ್ಲಿ ದನ ಮೇಯುತ್ತವೆ.

ಎರಡು, ಕಾವೇರಿ ಮತ್ತು ಮೆಟ್ಟೂರಿನ ಹಿನ್ನೀರು. ಪಾಲಾರ್ ಹೊಳೆ ಬೆಟ್ಟದ ತಪ್ಪಲಲ್ಲಿ ಹರಿದು ಕಾವೇರಿ ಸೇರುವ ಜಾಗ ಈ ಹಿನ್ನೀರಿನ ಬಾಲ. ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ನೀರು ಬಿಡುವ ಕೀಲಿ ತಮಿಳುನಾಡಿನ ಕೈಲಿದೆ. ಡೆಲ್ಟಾದ ಗದ್ದೆಗಳಿಗೆ ಜೂನ್ 12ಕ್ಕೆ ಗೇಟು ತೆಗೆಯುವುದು ಅಲ್ಲಿಯ ರೂಢಿ. ಅಂದರೆ ನಮ್ಮ ಹುಡುಗರು ದೋಣಿ ಇಳಿಸುವ ನೀರಿನ ಮಟ್ಟವನ್ನು ನಿರ್ಧರಿಸುವುದು ತಂಜಾವೂರಿನ ಭತ್ತ. ನೀರು ಚೆನ್ನಾಗಿ ಇಳಿದ ವರ್ಷ ಪಣ್ಣವಾಡಿ ಬಳಿ ಮುಳುಗಿದ ದೇವಸ್ಥಾನದ ನಂದಿ, ಹಳೆಯ ಚರ್ಚಿನ ಗೋಪುರ ಎದ್ದು ನಿಲ್ಲುತ್ತವೆ. ಫೋಟೊಗೆ ಚೆಂದ. ಆದರೆ ನೀರು ಅರ್ಧ ಇಳಿದಾಗ ಅಂಥದ್ದೇ ಗೋಡೆ, ಬಂಡೆ, ಮರದ ಬೊಡ್ಡೆ ನೀರಿನಿಂದ ಒಂದಡಿ ಕೆಳಗೆ ಕಾಣದಂತೆ ಇರುತ್ತದೆ. ಮೋಟರಿನ ರೆಕ್ಕೆಗೆ ಅದೇ ಸಾಕು.

ಇಲ್ಲಿ ಚಿಕ್ಕ ದೋಣಿಗೆ ಮೊದಲ ಅಂಕ. ಹಿಂಬದಿಗೆ ನೇತುಹಾಕುವ ಮೋಟರನ್ನು ಎತ್ತಿ ಹುಟ್ಟು ಹಾಕಿಕೊಂಡು ಬರಬಹುದು. ನೀರು ನೂರಡಿ ಹಿಂದಕ್ಕೆ ಸರಿದರೆ ಆರು ಜನ ಹಿಡಿದು ಎಳೆದು ಹೊಸ ದಡಕ್ಕೆ ಇಡಬಹುದು. ಮೂವತ್ತು ಸೀಟಿನ ದೋಣಿಗೆ ಗಟ್ಟಿ ಜಟ್ಟಿ ಬೇಕು, ಆಳ ಬೇಕು. ನೀರು ಸರಿದರೆ ಅದು ಕೆಸರಲ್ಲಿ ಕೂತುಬಿಡುತ್ತದೆ. ಸಾಲದ ಕಂತು ಮಾತ್ರ ಕೂರುವುದಿಲ್ಲ.

ಶರಾವತಿ ಹಿನ್ನೀರಿನ ಜನರಿಗೆ ಇದು ಚೆನ್ನಾಗಿ ಗೊತ್ತು. ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನ ಲಾಂಚ್ ಒಂದೇ ದಿಕ್ಕಾಗಿದ್ದ ಕಾಲದಲ್ಲಿ, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗುವವರೆಗೂ ದ್ವೀಪದ ಜನ ಆ ಲೆಕ್ಕದಲ್ಲೇ ಬದುಕಿದರು.

ವಾಲುವ ಲೆಕ್ಕ

ಈಗ ಭೌತಶಾಸ್ತ್ರ. ಹೆದರಬೇಡಿ, ತಕ್ಕಡಿಯ ಲೆಕ್ಕದಷ್ಟೇ ಸರಳ.

ದೋಣಿ ಒಂದು ಕಡೆ ವಾಲಿದಾಗ ಆ ಕಡೆ ಹೆಚ್ಚು ಭಾಗ ನೀರಿಗೆ ಇಳಿಯುತ್ತದೆ. ಅಲ್ಲಿ ನೀರು ಮೇಲಕ್ಕೆ ತಳ್ಳುತ್ತದೆ, ದೋಣಿ ನೆಟ್ಟಗಾಗುತ್ತದೆ. ಈ ನೆಟ್ಟಗಾಗುವ ಶಕ್ತಿ ದೋಣಿಯ ಅಗಲದ ಮೇಲೆ, ಮತ್ತು ಭಾರ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಭಾರ ಮೇಲೆ ಹೋದಷ್ಟೂ ಈ ಶಕ್ತಿ ಕರಗುತ್ತದೆ. ಇದನ್ನು ಅಳೆಯಲು ಹಡಗು ಕಟ್ಟುವವರು ಒಂದು ಎತ್ತರವನ್ನು ಲೆಕ್ಕ ಹಾಕುತ್ತಾರೆ. ಅದನ್ನು ನಾವು 'ಸ್ಥಿರತೆಯ ಎತ್ತರ' ಅನ್ನೋಣ. ಅದು ಹೆಚ್ಚಿದ್ದರೆ ದೋಣಿ ಗಟ್ಟಿ, ಸೊನ್ನೆಗೆ ಹತ್ತಿರವಾದರೆ ಕಥೆ ಮುಗಿಯಿತು.

ಒಂದು ಕಾಲ್ಪನಿಕ ದೊಡ್ಡ ದೋಣಿ ತಗೊಳ್ಳಿ. ಜನ ಸಮೇತ ಒಟ್ಟು ತೂಕ 6 ಟನ್, ಅಗಲ 3 ಮೀಟರ್, ಎಲ್ಲರೂ ಕೆಳಗೆ ಕೂತಾಗ ಸ್ಥಿರತೆಯ ಎತ್ತರ ಅರ್ಧ ಮೀಟರ್. ತಲಾ 65 ಕಿಲೊ ತೂಗುವ ಹತ್ತು ಜನ ಎದ್ದು ಒಂದೂವರೆ ಮೀಟರ್ ಪಕ್ಕಕ್ಕೆ ಸರಿದರೆ ದೋಣಿ ಸುಮಾರು 18 ಡಿಗ್ರಿ ವಾಲುತ್ತದೆ. ಆ ಕಡೆಯ ಅಂಚು ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ. ಅಂಚು ನೀರಿನಿಂದ ಇದ್ದದ್ದೇ ಅಷ್ಟು ಎತ್ತರವಾಗಿದ್ದರೆ ನೀರು ಒಳಗೆ ಬಂತು ಅಂತಲೇ ಲೆಕ್ಕ.

ಈಗ ಹನ್ನೆರಡು ಜನರನ್ನು ಎರಡು ಮೀಟರ್ ಮೇಲಿನ ಅಂತಸ್ತಿಗೆ ಹತ್ತಿಸಿ. ದೋಣಿಯ ಒಟ್ಟು ಭಾರದ ಕೇಂದ್ರ 26 ಸೆಂಟಿಮೀಟರ್ ಮೇಲೇರುತ್ತದೆ. ಅರ್ಧ ಮೀಟರ್ ಇದ್ದ ಸ್ಥಿರತೆಯ ಎತ್ತರ 24 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ ಹತ್ತು ಜನ ಅಷ್ಟೇ ಸರಿದರೂ ಈಗ ವಾಲುವುದು 30 ಡಿಗ್ರಿಗಿಂತ ಹೆಚ್ಚು. ಜನ ಒಬ್ಬರೂ ಹೆಚ್ಚಾಗಿಲ್ಲ, ತೂಕ ಒಂದು ಕಿಲೊ ಹೆಚ್ಚಾಗಿಲ್ಲ. ಕೂತ ಜಾಗ ಮಾತ್ರ ಬದಲಾಗಿದೆ. ಒಳಗೆ ಒಂದಿಷ್ಟು ನೀರು ಸೇರಿದ್ದರೆ ಅದೂ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ತಟ್ಟೆಯಲ್ಲಿ ಸಾರು ಹಿಡಿದು ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಿಕ್ಕ ದೋಣಿ ವಾಲುವುದಿಲ್ಲವಾ? ಅದು ಇನ್ನೂ ಬೇಗ ವಾಲುತ್ತದೆ. ಒಬ್ಬರು ಎದ್ದು ನಿಂತರೂ ಅಲುಗುತ್ತದೆ. ಆದರೆ ಅಲುಗಿದ ಕೂಡಲೇ ಆರೂ ಜನಕ್ಕೆ ಗೊತ್ತಾಗುತ್ತದೆ, ಹೆದರಿ ಕೂತುಕೊಳ್ಳುತ್ತಾರೆ. ದೊಡ್ಡ ದೋಣಿಯಲ್ಲಿ ಅಪಾಯ ನಿಧಾನವಾಗಿ, ಹಾಡಿನ ನಡುವೆ, ಯಾರಿಗೂ ಗೊತ್ತಾಗದಂತೆ ಹತ್ತಿರ ಬರುತ್ತದೆ.

ನಮ್ಮ ತೆಪ್ಪ ನೋಡಿ. ದುಂಡಗೆ, ಅಗಲಕ್ಕೆ, ತಳ ಚಪ್ಪಟೆ. ಸೀಟೇ ಇಲ್ಲ, ಎಲ್ಲರೂ ತಳದಲ್ಲೇ ಕೂರಬೇಕು. ಎದ್ದರೆ ಹುಟ್ಟು ಹಾಕುವವನು ಗದರುತ್ತಾನೆ. ಹೊಗೇನಕಲ್ಲಿನ ಬಂಡೆಗಳ ನಡುವೆ ಅದನ್ನು ತಿರುಗಿಸುವವರು ಯಾವ ಕಾಲೇಜಿಗೂ ಹೋಗಿಲ್ಲ. ಭಾರ ಕೆಳಗಿರಬೇಕು, ಅಗಲ ಇರಬೇಕು, ಜನ ಅಲ್ಲಾಡಬಾರದು ಅನ್ನುವ ಮೂರು ಸೂತ್ರವೂ ಅವರ ಕೈಯಲ್ಲಿದೆ. ಗೆಳೆಯನ ಗುಂಪಿನ ಇಬ್ಬರು ತೆಪ್ಪದವರೇ ಈ ಯೋಜನೆಯ ನಿಜವಾದ ಇಂಜಿನಿಯರುಗಳು ಅಂತ ನಾನು ಹೇಳಿದ್ದು ತಮಾಷೆಗಲ್ಲ.

ದೊಡ್ಡದರ ಪರವಾಗಿ

ನ್ಯಾಯವಾಗಿ ಹೇಳಬೇಕು, ದೊಡ್ಡ ದೋಣಿ ಅಂದರೆ ಸಾವಿನ ದೋಣಿ ಅಲ್ಲ. ಅಗಲವಾದ ಹಿನ್ನೀರಿನಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ಹದಿನಾರು ಅಡಿಯ ದೋಣಿ ಅಲೆಗೆ ಕುಣಿಯುತ್ತದೆ, ದೊಡ್ಡದು ಸೀಳಿಕೊಂಡು ಹೋಗುತ್ತದೆ. ಮೊಣಕಾಲು ನೋವಿನ ಅಜ್ಜಿ, ಗಾಲಿಕುರ್ಚಿಯಲ್ಲಿರುವವರು ಚಿಕ್ಕ ದೋಣಿಗೆ ಹತ್ತುವುದೇ ಕಷ್ಟ. ಅವರಿಗೆ ಸಮತಟ್ಟಾದ ಜಟ್ಟಿ, ದೊಡ್ಡ ದೋಣಿ ಬೇಕು. ಒಬ್ಬೊಬ್ಬರ ಲೆಕ್ಕದಲ್ಲಿ ಟಿಕೆಟ್ಟೂ ಅಗ್ಗವಾಗಬಹುದು.

ಕೇರಳದ ಜಲ ಸಾರಿಗೆ ಇಲಾಖೆ 2017ರಿಂದ ವೈಕಂ–ತವಣಕ್ಕಡವು ನಡುವೆ 'ಆದಿತ್ಯ' ಎಂಬ ಸೌರ ದೋಣಿ ನಡೆಸುತ್ತಿದೆ. 75 ಜನರ ದೋಣಿ. ಎರಡು ತೊಟ್ಟಿಲನ್ನು ಪಕ್ಕಪಕ್ಕ ಜೋಡಿಸಿದಂಥ ತಳ, ಹಾಗಾಗಿ ಅಗಲ ಜಾಸ್ತಿ. ದೊಡ್ಡದನ್ನು ಸರಿಯಾಗಿ ಕಟ್ಟಬಹುದು, ಸರಿಯಾಗಿ ನಡೆಸಬಹುದು. ಆದರೆ ಗಮನಿಸಿ: ಅದರ ಹಿಂದೆ ಒಂದು ಇಲಾಖೆ ಇದೆ, ತರಬೇತಾದ ಸಿಬ್ಬಂದಿ ಇದ್ದಾರೆ, ಪ್ರತಿದಿನ ಓಡುವ ಮಾರ್ಗ ಇದೆ. ಹಬ್ಬಕ್ಕೊಮ್ಮೆ ಜನ ನುಗ್ಗುವ, ಉಳಿದ ದಿನ ಖಾಲಿ ಹೊಡೆಯುವ ಜಾಗದ ವ್ಯಾಪಾರವಲ್ಲ ಅದು.

ಸತ್ತವರು ಹೇಳುವುದೇನು?

2009ರ ಸೆಪ್ಟೆಂಬರ್ 30, ತೇಕ್ಕಡಿ. ಪೆರಿಯಾರ್ ಸರೋವರದಲ್ಲಿ 'ಜಲಕನ್ಯಕ' ಎಂಬ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ತೀರಿಕೊಂಡರು. ದಡದಲ್ಲಿ ಕಂಡ ಕಾಡುಪ್ರಾಣಿ ನೋಡಲು ಜನ ಒಂದೇ ಕಡೆಗೆ ನುಗ್ಗಿದರು ಎಂದು ಆಗ ವರದಿಯಾಯಿತು. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಿ. ಆಮೇಲೆ ಮಾದಪ್ಪನ ಸೀಮೆಯ ಹಿನ್ನೀರಿನಲ್ಲಿ ಸಂಜೆ ಆನೆ ಹಿಂಡು ನೀರಿಗಿಳಿದಾಗ ಮೂವತ್ತು ಜನ ಏನು ಮಾಡುತ್ತಾರೆ ಅಂತ ಯೋಚಿಸಿ.

2019ರ ಜನವರಿ 21, ಕಾರವಾರ. ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ 16 ಜನ ಹೋದರು. ಸತ್ತವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಅದು ಜಾತ್ರೆಯ ದಿನ, ದೋಣಿ ಹಿಡಿಸುವುದಕ್ಕಿಂತ ಹೆಚ್ಚು ಜನ.

2023ರ ಮೇ 7, ಕೇರಳದ ತಾನೂರ್. ಮೀನು ಹಿಡಿಯುವ ದೋಣಿಯನ್ನು ತಿದ್ದಿ ಪ್ರವಾಸಿಗರಿಗೆ ಎರಡು ಅಂತಸ್ತು ಮಾಡಿದ್ದರು. ಕತ್ತಲಾಗುವ ಹೊತ್ತಿಗೆ, ಮಿತಿ ಮೀರಿ ಜನ ತುಂಬಿಕೊಂಡು ಹೊರಟಿತು. 22 ಸಾವು, ಮಕ್ಕಳೇ ಹೆಚ್ಚು.

2024ರ ಜನವರಿ 18, ವಡೋದರದ ಹರಣಿ ಕೆರೆ. ಶಾಲಾ ಪ್ರವಾಸ. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಕೆರೆ ಪಾಲಿಕೆಯದು, ನಡೆಸುತ್ತಿದ್ದದ್ದು ಗುತ್ತಿಗೆದಾರರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ.

ಈ ನಾಲ್ಕರಲ್ಲಿ ಎರಡು ಮೇಲಂತಸ್ತಿನ ದೊಡ್ಡ ದೋಣಿಗಳು, ಎರಡು ಅಷ್ಟು ದೊಡ್ಡವಲ್ಲ. ಹಾಗಾಗಿ "ಚಿಕ್ಕದು ತಗೊಂಡ್ರೆ ಸೇಫ್" ಅನ್ನುವುದು ಸುಳ್ಳು. ಇವುಗಳ ಪೈಕಿ ಹೆಚ್ಚಿನವುಗಳಲ್ಲಿ ಕಾಣುವುದು ಬೇರೆಯದೇ: ಹತ್ತಬಾರದವರು ಹತ್ತಿದಾಗ "ಇಲ್ಲ, ಇಳೀರಿ" ಅನ್ನುವ ಅಧಿಕಾರವಾಗಲಿ, ಮನಸ್ಸಾಗಲಿ ದಡದಲ್ಲಿ ಯಾರಿಗೂ ಇರಲಿಲ್ಲ. ನನ್ನ ಪ್ರಕಾರ ಆಯ್ಕೆ ಇರಬೇಕಾದ್ದು ಅಲ್ಲಿ. ಯಾವ ದೋಣಿ ತಗೊಂಡರೆ "ಇಲ್ಲ" ಅನ್ನುವುದು ಸುಲಭವಾಗುತ್ತದೆ?

ಎಣಿಸಬಹುದಾದ ದೋಣಿ

ಸಣ್ಣ ದೋಣಿಗಳಿಗೆ ಅಮೆರಿಕದಲ್ಲಿ ಒಂದು ಹೆಬ್ಬೆರಳಿನ ಲೆಕ್ಕ ಬಳಕೆಯಲ್ಲಿದೆ. ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ, 15ರಿಂದ ಭಾಗಿಸಿ. ಹದಿನಾರು ಅಡಿ ಉದ್ದ, ಆರು ಅಡಿ ಅಗಲ ಅಂದರೆ 96. ಹದಿನೈದರಿಂದ ಭಾಗಿಸಿದರೆ ಆರು ಚಿಲ್ಲರೆ. ಚಿಲ್ಲರೆ ಬಿಡಿ, ಆರು ಜನ, ದೋಣಿ ನಡೆಸುವವನೂ ಸೇರಿ. ಅಂದರೆ ಮಾರುವವನು ಹೇಳಿದ 'ಆರು ಸೀಟು' ಅಂದರೆ ಐದು ಟಿಕೆಟ್. ಇದು ಶಾಂತವಾದ ನೀರಿಗೆ, ಸುಮಾರು ಇಪ್ಪತ್ತು ಅಡಿಯೊಳಗಿನ ದೋಣಿಗೆ ಮಾತ್ರ. ದೋಣಿ ಕಟ್ಟಿದವರು ಅದಕ್ಕಿಂತ ಕಡಿಮೆ ಬರೆದಿದ್ದರೆ ಆ ಕಡಿಮೆಯೇ ಮಿತಿ.

ಈ ಸೂತ್ರ ದೊಡ್ಡ ದೋಣಿಗೆ ನಡೆಯುವುದಿಲ್ಲ. ಅಲ್ಲಿ ತೂಕಗಳನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ಎಷ್ಟು ವಾಲಿತು ಅಂತ ಅಳೆದು, ತಜ್ಞರು ಲೆಕ್ಕ ಹಾಕಿ ಸರ್ಟಿಫಿಕೇಟ್ ಕೊಡಬೇಕು. ಆ ಕಾಗದ ಸರಿಯೋ ಸುಳ್ಳೋ ಅಂತ ಹನೂರಿನಲ್ಲಿ ಕೂತ ನೀವು ನಾನು ಹೇಳಲಾರೆವು. ಮೂವತ್ತರ ಜಾಗದಲ್ಲಿ ಮೂವತ್ತೇಳು ಜನ ಇದ್ದರೆ ದಡದಲ್ಲಿ ನಿಂತವರಿಗೆ ತಿಳಿಯುವುದೂ ಇಲ್ಲ. ಆರರ ದೋಣಿಯಲ್ಲಿ ಏಳನೆಯವರು ಹತ್ತಿದರೆ ಐದನೇ ಕ್ಲಾಸಿನ ಹುಡುಗಿಯೂ ಎಣಿಸಿ ಕೂಗಬಲ್ಲಳು. ಪ್ರಜಾಪ್ರಭುತ್ವದ ಭಾಷೆಯಲ್ಲಿ ಹೇಳುವುದಾದರೆ, ಇದು ಜನ ತಾವೇ ಪರಿಶೀಲಿಸಬಹುದಾದ ದೋಣಿ.

ಇನ್ನೊಂದು ವಿಷಯ, ರಕ್ಷಣೆ. ಒಂದು ದೊಡ್ಡ ದೋಣಿ ಮಗುಚಿದರೆ ಮೂವತ್ತು ಜನ ಒಟ್ಟಿಗೆ ನೀರಲ್ಲಿ, ಎತ್ತಲು ಇನ್ನೊಂದು ದೋಣಿ ಇಲ್ಲ. ಕೊಳ್ಳೇಗಾಲದಿಂದ ಅಗ್ನಿಶಾಮಕದವರು ಆ ರಸ್ತೆಯಲ್ಲಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮೂರು ಚಿಕ್ಕ ದೋಣಿ ಇದ್ದರೆ ಒಂದಕ್ಕೆ ಏನಾದರೂ ಆದಾಗ ಇನ್ನೆರಡು ಅಲ್ಲೇ ಇರುತ್ತವೆ.

ದುಡ್ಡಿನ ಮಾತು

ದೊಡ್ಡ ದೋಣಿಯ ಲೆಕ್ಕ ನಿಲ್ಲುವುದು ಅದು ತುಂಬಿದಾಗ ಮಾತ್ರ. ವಾರದ ನಡುವಿನ ದಿನ ಐದು ಜನ ಬಂದರೆ ಮೂವತ್ತರ ದೋಣಿ ಬಿಡುವುದಾ, ಜನರನ್ನು ಕಾಯಿಸುವುದಾ? ಹಬ್ಬದ ದಿನ ಹಿಂದಿನ ನಷ್ಟವೆಲ್ಲ ಒಟ್ಟಿಗೆ ತುಂಬಿಕೊಳ್ಳಬೇಕು ಅನ್ನುವ ಒತ್ತಡ. ಮಿತಿ ಮೀರುವುದು ದುರಾಸೆಯಿಂದ ಮಾತ್ರ ಅಲ್ಲ, ಎಷ್ಟೋ ಸಲ ಬ್ಯಾಂಕಿನ ಕಂತಿನಿಂದ. ಚಿಕ್ಕ ದೋಣಿಗಳಾದರೆ ಒಂದರಿಂದ ಶುರು ಮಾಡಿ, ದುಡಿಮೆ ನೋಡಿ ಎರಡನೆಯದು ತರಬಹುದು. ಒಂದರ ಮೋಟರ್ ಕೆಟ್ಟರೆ ಇನ್ನೊಂದು ಓಡುತ್ತದೆ.

ವೇಗದ ಆಸೆ ಬೇರೆ ಇದೆ. ನೀರನ್ನು ತಳ್ಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತದೆ. ಹದಿನಾರು ಅಡಿಯದಕ್ಕೆ ಗಂಟೆಗೆ ಸುಮಾರು 10 ಕಿಲೊಮೀಟರ್, ಮೂವತ್ತಾರು ಅಡಿಯದಕ್ಕೆ ಸುಮಾರು 15. ಅದನ್ನು ದಾಟಿ ನೀರಿನ ಮೇಲೆ ಜಾರುತ್ತಾ ಓಡಬೇಕೆಂದರೆ ದೊಡ್ಡ ಮೋಟರ್ ಬೇಕು, ಪೆಟ್ರೋಲು ಕುಡಿಯುವುದು ಎಷ್ಟೋ ಪಟ್ಟು ಏರುತ್ತದೆ. ಬೆಟ್ಟ ನೋಡಲು ಬಂದವರಿಗೆ ಹತ್ತು ಕಿಲೊಮೀಟರ್ ವೇಗ ಧಾರಾಳ. ಮೋಟರ್ ನಾಲ್ಕು ಸ್ಟ್ರೋಕಿನದೇ ಇರಲಿ. ಹಳೆಯ ಎರಡು ಸ್ಟ್ರೋಕಿನ ಮೋಟರ್ ಉರಿಯದ ಪೆಟ್ರೋಲು, ಎಣ್ಣೆಯನ್ನು ನೇರ ನೀರಿಗೆ ಉಗುಳುತ್ತದೆ. ಆ ನೀರನ್ನು ದನ ಕುಡಿಯುತ್ತವೆ, ಆನೆ ಕುಡಿಯುತ್ತವೆ, ಕೆಳಗಿನ ಊರಿನವರೂ ಕುಡಿಯುತ್ತಾರೆ.

ಕೊನೆಗೆ, ದುಡ್ಡು ಯಾರಿಗೆ? ದೊಡ್ಡ ದೋಣಿ ಅಂದರೆ ದೊಡ್ಡ ಬಂಡವಾಳ, ದೊಡ್ಡ ಟೆಂಡರ್, ಹೊರಗಿನ ಗುತ್ತಿಗೆದಾರ. ಊರಿನ ಹುಡುಗ ಅದರಲ್ಲಿ ದಿನಗೂಲಿ. ದಿನಗೂಲಿಯವನು ಮಾಲೀಕ ಫೋನಿನಲ್ಲಿ "ಹತ್ತಿಸ್ಕೊಳೋ" ಅಂದಾಗ ಇಲ್ಲ ಅನ್ನಲಾರ, ಅಂದರೆ ನಾಳೆ ಕೆಲಸವಿಲ್ಲ. ತನ್ನದೇ ದೋಣಿ ಇರುವವನು ಅನ್ನಬಲ್ಲ. ಮಾಲೀಕತ್ವ ಅನ್ನುವುದು ಇಲ್ಲಿ ಸುರಕ್ಷತೆಯ ಪ್ರಶ್ನೆಯೂ ಹೌದು.

ಕಾಡು ಮತ್ತು ಕಾನೂನು

ಇಷ್ಟೆಲ್ಲ ಆದಮೇಲೂ ಉತ್ತರ "ಯಾವುದೂ ಬೇಡ" ಅಂತ ಆಗಬಹುದು. ಗೋಪಿನಾಥಂ ಕಡೆ ಕಾವೇರಿ ವನ್ಯಜೀವಿಧಾಮ, 1987ರಿಂದ. ಈಚೆ ಮಲೆ ಮಹದೇಶ್ವರ ವನ್ಯಜೀವಿಧಾಮ, 2013ರಿಂದ, 900 ಚದರ ಕಿಲೊಮೀಟರ್‌ಗೂ ಹೆಚ್ಚು. 2025ರ ಜೂನ್‌ನಲ್ಲಿ ವಿಷಪ್ರಾಶನದಿಂದ ಐದು ಹುಲಿಗಳು ಸತ್ತದ್ದು ಇದೇ ಕಾಡಿನಲ್ಲಿ. ಧಾಮದೊಳಗಿನ ನೀರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮೋಟರ್ ಇಳಿಸುವ ಮಾತೇ ಇಲ್ಲ, ಇಳಿಸಲೂಬಾರದು. ಬೇಸಿಗೆಯಲ್ಲಿ ಎಲ್ಲ ಹಳ್ಳ ಬತ್ತಿದಾಗ ಹಿನ್ನೀರಿನ ದಡ ಪ್ರಾಣಿಗಳದ್ದು. ಸೌಂಡ್ ಸಿಸ್ಟಮ್ ಹೊತ್ತ ದೋಣಿಯನ್ನು ಅಲ್ಲಿ ಓಡಿಸುವುದು ಇನ್ನೊಬ್ಬರ ಅಡುಗೆಮನೆಯಲ್ಲಿ ಡಿಜೆ ಹಾಕಿದಂತೆ. ಧಾಮದ ಹೊರಗಿನ ನೀರಾವರಿ ಜಲಾಶಯವೇ ಇವರಿಗೆ ತಕ್ಕ ಜಾಗ, ಅದಕ್ಕೂ ನೀರಾವರಿಯವರ ಒಪ್ಪಿಗೆ ಬೇಕು.

ಮೋಟರ್ ಹಾಕಿದ ಮೇಲೆ 2021ರ ಒಳನಾಡು ಹಡಗುಗಳ ಕಾಯ್ದೆ ಬರುತ್ತದೆ. ಬ್ರಿಟಿಷರ ಕಾಲದ 1917ರ ಕಾಯ್ದೆಯ ಜಾಗಕ್ಕೆ ಬಂದದ್ದು. ತಪಾಸಣೆ ಪ್ರಮಾಣಪತ್ರ, ನೋಂದಣಿ, ನಡೆಸುವವರಿಗೆ ಅರ್ಹತಾ ಪತ್ರ, ವಿಮೆ, ಇವು ಅದರ ನಾಲ್ಕು ಕಾಲು. ನೀವು ಎಲ್ಲೇ ದೋಣಿ ಹತ್ತಿದರೂ ಇವನ್ನು ಕೇಳಬಹುದು. ಯಾರೂ ಕೇಳುವುದಿಲ್ಲ ಅನ್ನುವುದೇ ಸಮಸ್ಯೆ. ಟೀ ಅಂಗಡಿಯಲ್ಲಿ ಜಿಎಸ್‌ಟಿ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಾವು ದೋಣಿಯಲ್ಲಿ ಕೂತು ಸೆಲ್ಫಿ ತೆಗೆಯುತ್ತೇವೆ. ನಾನೂ ತೆಗೆದವನೇ.

ಗೆಳೆಯನಿಗೆ ಬರೆದದ್ದು

ಕೊನೆಗೆ ನಾನು ಕಳಿಸಿದ ಉತ್ತರ ಇಷ್ಟು:

ಚಿಕ್ಕದು. ಮೊದಲು ಒಂದು, ಆಮೇಲೆ ಮೂರು. ಆದರೆ ಎರಡನೆಯದು ಬರುವ ತನಕ ರಕ್ಷಣೆಗೆ ತೆಪ್ಪವೊಂದು ದಡದಲ್ಲಿ ಸಿದ್ಧವಿರಲಿ. ತಳ ಚಪ್ಪಟೆ, ಅಗಲ ಎಷ್ಟು ಸಿಕ್ಕರೆ ಅಷ್ಟು. ಮೇಲಂತಸ್ತು ಎಂದೂ ಬೇಡ, ನಾಳೆ ವೆಲ್ಡಿಂಗ್ ಮಾಡಿಸುವ ಆಸೆಯೂ ಬೇಡ. ಮೋಟರ್ ಎಷ್ಟೇ ಹೊಸದಿದ್ದರೂ ಎರಡು ಹುಟ್ಟು ಒಳಗಿರಲಿ. ಲೈಫ್ ಜಾಕೆಟ್ ಮೈಮೇಲೆ, ಬಕಲ್ ಹಾಕಿದ ಮೇಲೇ ಹಗ್ಗ ಬಿಚ್ಚುವುದು. ಮಕ್ಕಳಿಗೆ ಮಕ್ಕಳ ಅಳತೆಯದ್ದೇ, ದೊಡ್ಡವರದ್ದು ಹಾಕಿದರೆ ಮಗು ಕೆಳಗಿಂದ ಜಾರಿಹೋಗುತ್ತದೆ. ಗಾಳಿ ಎದ್ದರೆ ಬಂದ್, ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಬಂದ್. ದಡದಲ್ಲಿ ಆಳೆತ್ತರದ ಬೋರ್ಡು: 'ಈ ದೋಣಿಗೆ ಆರು ಜನ, ನಡೆಸುವವರೂ ಸೇರಿ.' ಕನ್ನಡದಲ್ಲೂ ತಮಿಳಿನಲ್ಲೂ ಬರೆಸಿ, ಬೆಟ್ಟಕ್ಕೆ ಬರುವ ಅರ್ಧ ಜನ ಆ ಕಡೆಯವರು. ನಡೆಯಲಾಗದ ಹಿರಿಯರಿಗೆ ದಡದಲ್ಲಿ ನೆರಳು, ಬೆಂಚು ಮಾಡಿ. ಎಲ್ಲರೂ ನೀರಿಗಿಳಿಯಲೇಬೇಕು ಅಂತಿಲ್ಲ.

ಒಂದು ಮಾತು ಸೇರಿಸಿದೆ. ಶಿವರಾತ್ರಿಗೆ ಕನಕಪುರ, ರಾಮನಗರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರು ಸಂಗಮದ ಹತ್ತಿರ ಕಾವೇರಿಯನ್ನು ದಾಟುತ್ತಾರಲ್ಲ, ಹಗ್ಗ ಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು. ನೀರಿನ ಭಯ ಇರುವುದರಿಂದಲೇ ಅವರು ಹಾಗೆ ದಾಟುತ್ತಾರೆ. ದುಡ್ಡು ಕೊಟ್ಟು ದೋಣಿ ಹತ್ತಿದ ಮನುಷ್ಯನಿಗೆ ಆ ಭಯ ಹೋಗಿಬಿಡುತ್ತದೆ. ಅವನ ಬದಲು ನೀವು ಭಯಪಡಬೇಕು.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ರಾತ್ರಿ ವಾಯ್ಸ್ ಮೆಸೇಜ್ ಬಂತು. ಹಿಂದೆ ಐದೂ ಜನರ ದನಿ ಕೇಳುತ್ತಿತ್ತು, ಮೀಟಿಂಗ್ ನಡೆಸಿದ್ದಾರೆ. "ಚಿಕ್ಕದೇ ಅಂತ ಆಯ್ತು ಕನ ಮಗಾ. ಬೋರ್ಡೂ ಬರೆಸ್ತೀವಿ. ಆದ್ರೆ ಒಂದ್ ಡೌಟು. ಏಳನೇವ್ನು ಪಂಚಾಯ್ತಿ ಮೆಂಬರ್ ಆದ್ರೆ ಏನ್ ಮಾಡದು? ಇಲ್ಲಾ ಪೊಲೀಸ್ನೋರ ಮನೆಯೋರಾದ್ರೆ?"

ಇದಕ್ಕೆ ಸ್ಥಿರತೆಯ ಸೂತ್ರದಲ್ಲಿ ಉತ್ತರವಿಲ್ಲ. ಹಿಂದಿನಿಂದ ತೆಪ್ಪದವನೊಬ್ಬ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ಹತ್ಲಿ ಬುಡು. ಅವ್ರು ಹತ್ತುದ್ರೆ ನಾ ಇಳ್ಕತೀನಿ. ಹುಟ್ಟು ಅವ್ರೇ ಹಾಕ್ಲಿ."